ಮಾವನ ಕಿವಿ, ಮೂರು ಹೆಡ್ಡು

ಸವದತ್ತಿಯಲ್ಲಿ ಧಾರವಾಡ ರಸ್ತೆಗೆ ಹೊಂದಿಕೊಂಡಿರುವ ಗ್ಯಾರೇಜು ನನ್ನ ಮಾವನವರದು. ಅವರ ಮಗಳನ್ನು ಮದುವೆಯಾಗಿ ರಾಮದುರ್ಗದಿಂದ ಇಲ್ಲಿಗೆ ಬಂದಾಗ ನನಗೆ ಬರುತ್ತಿದ್ದುದು ವೆಲ್ಡಿಂಗ್ ಒಂದೇ. ಟ್ರ್ಯಾಕ್ಟರ್ ರಿಪೇರಿಯನ್ನು ಹದಿನಾಲ್ಕು ವರ್ಷ ಅವರ ಮಗ್ಗುಲಲ್ಲಿ ಕುಳಿತು ಕಲಿತೆ. ಕಲಿತೆ ಎಂದು ನಾನು ಹೇಳಿಕೊಳ್ಳುವುದು. ನಿಜವಾಗಿ ಅವರು ಹೇಳಿದ ನಟ್ಟು ಬಿಚ್ಚಿದೆ, ಹೇಳಿದ ನಟ್ಟು ಬಿಗಿದೆ.

ಮಾವನವರಿಗೆ ಕಿವಿಯೇ ಎಲ್ಲ. ಟ್ರ್ಯಾಕ್ಟರು ಇನ್ನೂ ರಸ್ತೆಯ ತಿರುವಿನಲ್ಲಿರುವಾಗಲೇ ಅದರ ರೋಗ ಹೇಳಿಬಿಡುತ್ತಿದ್ದರು. ಒಮ್ಮೆ ಮುರಗೋಡದಲ್ಲಿ ಚಹಾ ಕುಡಿಯುತ್ತಿದ್ದೆವು. ಎದುರಿಗೆ ಹಾದುಹೋಗುತ್ತಿದ್ದ ಟ್ರ್ಯಾಕ್ಟರಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿ, “ತಮ್ಮಾ, ಮೂರನೇ ಸಿಲಿಂಡರ್ ಬಿಚ್ಚಿಸಿ ನೋಡು. ಮನಿ ಮುಟ್ಟೂದಿಲ್ಲ ನೀ,” ಎಂದರು. ಅವನು ನಕ್ಕು ಹೋದ. ಸಂಜೆ ಅದೇ ಟ್ರ್ಯಾಕ್ಟರನ್ನು ಇನ್ನೊಂದು ಟ್ರ್ಯಾಕ್ಟರು ಎಳೆದುಕೊಂಡು ನಮ್ಮ ಬಾಗಿಲಿಗೆ ತಂದಿತು.

“ಹೆಂಗ ಗೊತ್ತಾತ್ರಿ ಮಾವಾರ?” ಎಂದು ಕೇಳಿದೆ.

“ಕೇಳಸ್ತು,” ಎಂದರು. ಅದಕ್ಕಿಂತ ಹೆಚ್ಚು ಅವರಿಗೆ ಹೇಳಲು ಬರುತ್ತಿರಲಿಲ್ಲ. ನಾನೂ ಬಿಡಿಸಿ ಕೇಳಲಿಲ್ಲ. ಅವರು ಇದ್ದೇ ಇರುತ್ತಾರಲ್ಲ ಎಂದುಕೊಂಡಿದ್ದೆ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಮುಖ ತೊಳೆಯುತ್ತಿದ್ದವರು ಬಚ್ಚಲಲ್ಲೇ ಕುಸಿದರು. ಲಕ್ವಾ ಹೊಡೆದಿತ್ತು. ಬಲಗೈ, ಬಲಗಾಲು ಹೋದವು; ಮಾತು ಹೋಯಿತು. ಆರು ತಿಂಗಳ ಮೇಲೆ ಒಂದೇ ಒಂದು ಶಬ್ದ ಮರಳಿ ಬಂತು. “ನಾಳಿ.” ಗಿರಾಕಿಗಳಿಗೆ ಜೀವಮಾನವಿಡೀ ಹೇಳಿದ ಮಾತು ಅದು, “ನಾಳಿ ಬರ್ರಿ, ನಾಳಿ ಕೊಡತೇನಿ.” ಈಗ ಹಸಿವಾದರೂ ನಾಳಿ, ಮೊಮ್ಮಗಳನ್ನು ಕರೆಯಬೇಕಾದರೂ ನಾಳಿ. ಧಾರವಾಡದ ಡಾಕ್ಟರರು, “ಅವರಿಗೆ ಬಹಳಷ್ಟು ತಿಳೀತೈತಿ, ಆದ್ರ ಒಳಗಿದ್ದ ಮಾತು ಹೊರಗ ಬರೂದಿಲ್ಲ,” ಎಂದಿದ್ದರು. ತಲೆಯಾಡಿಸುವುದನ್ನೂ ನಂಬುವಂತಿರಲಿಲ್ಲ. ಅನ್ನ ಬೇಕೇನ್ರಿ ಎಂದರೂ ಹೌದು, ಬ್ಯಾಡೇನ್ರಿ ಎಂದರೂ ಹೌದು.

ಬೆಳಿಗ್ಗೆ ಹತ್ತಕ್ಕೆ ನಾನೂ ನನ್ನ ಹೆಂಡತಿಯೂ ಅವರನ್ನು ಹಿತ್ತಲ ಮನೆಯಿಂದ ನಡೆಸಿಕೊಂಡು ಬಂದು ಗ್ಯಾರೇಜಿನ ಕುರ್ಚಿಯಲ್ಲಿ ಕೂರಿಸುತ್ತಿದ್ದೆವು. ಯಾರಾದರೂ ನನ್ನನ್ನು “ಮಿಸ್ತ್ರಿ, ಯಾವಾಗ ಕೊಡ್ತಿ?” ಎಂದು ಕೇಳಿದರೆ ಕುರ್ಚಿಯಿಂದ ಉತ್ತರ ಬರುತ್ತಿತ್ತು. ಹೊಸ ಗಿರಾಕಿಗಳು ನಗುತ್ತಿದ್ದರು. ಹಳಬರು ನೆಲ ನೋಡುತ್ತಿದ್ದರು.

ಕಳೆದ ಮುಂಗಾರಿನ ಮುಂಚೆ ಉಗರಗೋಳದ ಅಕ್ಕನವರು ತಮ್ಮ ಹಳೆಯ ಟ್ರ್ಯಾಕ್ಟರನ್ನು ತಂದರು. ನಲವತ್ತರ ಆಸುಪಾಸಿನ ಹೆಂಗಸು. ಅವರ ಗಂಡ ಯಲ್ಲಮ್ಮನ ಗುಡ್ಡದಲ್ಲಿ ಕಾಯಿ, ಭಂಡಾರದ ಅರಿಸಿನ ಮಾರುತ್ತಾರೆ. ಟ್ರ್ಯಾಕ್ಟರೆಂದರೆ ಗಂಡನಿಗೆ ಹೆದರಿಕೆ. ಹೊಲ, ಟ್ರ್ಯಾಕ್ಟರು ಎರಡೂ ಅಕ್ಕನವರದೇ. ತಮ್ಮ ನಾಲ್ಕು ಎಕರೆ ಬಿತ್ತಿ, ಊರಿನ ಇನ್ನೂ ಹತ್ತು ಹನ್ನೆರಡು ಮನೆಗಳ ಹೊಲವನ್ನು ಬಾಡಿಗೆಗೆ ಬಿತ್ತಿಕೊಡುತ್ತಿದ್ದರು.

ರೇಡಿಯೇಟರಿನ ನೀರು ಕುದಿಯದೆಯೇ ಗುಳುಗುಳು ಎನ್ನುತ್ತಿತ್ತು. ಆ ಟ್ರ್ಯಾಕ್ಟರಿಗೆ ಮೂರು ಸಿಲಿಂಡರು, ಒಂದೊಂದಕ್ಕೂ ಬೇರೆ ಬೇರೆ ಹೆಡ್ಡು. ಹೆಡ್ಡೆಂದರೆ ಸಿಲಿಂಡರಿನ ಮೇಲೆ ಕೂರುವ ಬೀಡುಕಬ್ಬಿಣದ ಮುಚ್ಚಳ. ಬಿಚ್ಚಿ ನೋಡಿದರೆ ನಡುವಿನದು ಸೀಳಿತ್ತು, ಉಳಿದೆರಡೂ ತುಕ್ಕು ಹಿಡಿದು ತಿಂದುಹೋಗಿದ್ದವು. ಆ ಮಾಡೆಲ್ಲಿಗೆ ಈಗ ಹೊಸವು ಸಿಗುವುದಿಲ್ಲ. ಅಕ್ಕನವರು ತಾವೇ ಹುಬ್ಬಳ್ಳಿಗೆ ಹೋಗಿ, ಹಳೆಯ ಸಾಮಾನಿನ ಅಂಗಡಿಯಲ್ಲಿ ಹೊಸ ವಾಲ್ವು, ಹೊಸ ಗೈಡು ಹಾಕಿ ತಯಾರು ಮಾಡಿಟ್ಟಿದ್ದ ಮೂರು ಹೆಡ್ಡುಗಳನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ತಂದರು.

ನಾನು ಒಂದೊಂದನ್ನೂ ಒರೆಸಿ ನೋಡಿದೆ. ವಾಲ್ವು ಉದ್ದ ಕಾಂಡದ ಅಣಬೆಯ ಹಾಗಿರುತ್ತದೆ. ಗಾಳಿಯನ್ನು ಒಳಗೆ ಬಿಡಲು ಒಂದು, ಹೊಗೆಯನ್ನು ಹೊರಗೆ ಬಿಡಲು ಇನ್ನೊಂದು. ಅದರ ಕಾಂಡ ಗೈಡೆಂಬ ಸಣ್ಣ ಕೊಳವೆಯೊಳಗೆ ಮೇಲೆ ಕೆಳಗೆ ಆಡುತ್ತದೆ. ಕೆಳಗಿನಿಂದ ಪುಶ್ ರಾಡೆಂಬ ಉಕ್ಕಿನ ಕಡ್ಡಿ ಎದ್ದು ರಾಕರಿನ ಒಂದು ತುದಿಯನ್ನು ಎತ್ತಿದರೆ, ಏತದ ಹಾಗೆ ಅದರ ಇನ್ನೊಂದು ತುದಿ ವಾಲ್ವನ್ನು ಒತ್ತುತ್ತದೆ. ಸ್ಪ್ರಿಂಗು ಅದನ್ನು ಮತ್ತೆ ಮೇಲಕ್ಕೆ ತರುತ್ತದೆ. ಹಳೆಯ ಹೆಡ್ಡುಗಳಲ್ಲಿ ವಾಲ್ವು ಸಡಿಲ ಹಲ್ಲಿನಂತೆ ಅಲುಗಾಡುತ್ತಿತ್ತು. ಇವುಗಳಲ್ಲಿ ಒಂದಿಷ್ಟೂ ಅಲುಗಾಟವಿರಲಿಲ್ಲ.

“ಛಲೋ ಕೆಲಸ ಮಾಡ್ಯಾರ್ರಿ ಅಕ್ಕಾರ,” ಎಂದೆ. ನನ್ನ ಬಾಯಿಂದಲೇ ಬಂದ ಮಾತು ಅದು.

ಮೂರನ್ನೂ ಕೂರಿಸಿ ಚಾಲೂ ಮಾಡಿದಾಗ ಎಂಜಿನ್ನು ಹೊಲಿಗೆ ಮಷಿನ್ನಿನಂತೆ ಸಮನಾಗಿ ಓಡಿತು. ಮಾವನವರ ಕಡೆ ನೋಡಿದೆ. ಕಣ್ಣು ಮುಚ್ಚಿ ಕುಳಿತಿದ್ದರು, ಮುಖ ಸಡಿಲವಾಗಿತ್ತು. ಅದನ್ನೇ ಒಪ್ಪಿಗೆ ಎಂದುಕೊಂಡೆ. ಅಕ್ಕನವರು ಖುಷಿಯಿಂದ ಒಯ್ದರು.

ಮರುದಿನ ಮಧ್ಯಾಹ್ನ ಫೋನು ಬಂತು. “ಮಿಸ್ತ್ರಿ, ಟಕ್ ಟಕ್ ಅನ್ನಾಕ ಹತ್ತೇತಿ. ಜಗ್ಗೂದೂ ಇಲ್ಲ. ಹೊಲದಾಗ ನಿಂತೇನಿ.”

ಹೇಗೋ ಎರಡೇ ಸಿಲಿಂಡರಿನಲ್ಲಿ ಓಡಿಸಿಕೊಂಡು ಬಂದರು. ಬರುವಷ್ಟರಲ್ಲಿ ಸಂಜೆಯಾಗಿತ್ತು, ಮರುದಿನ ಬೆಳಿಗ್ಗೆ ರಾಕರುಗಳ ಮೇಲಿನ ತಗಡಿನ ಮುಚ್ಚಳ ತೆಗೆದೆ. ಎರಡನೇ ಸಿಲಿಂಡರಿನ ಒಂದು ಪುಶ್ ರಾಡು ಬಾಗಿತ್ತು. ಹಳೆಯ ಕಡ್ಡಿ, ಸವೆದಿರಬೇಕು ಎಂದುಕೊಂಡು ಬೇರೆ ಹಾಕಿದೆ. ವಾಲ್ವಿಗೂ ರಾಕರಿಗೂ ನಡುವಿನ ಸಂದನ್ನು ಅಳತೆಗೆ ತಂದೆ. ಅರ್ಧ ತಾಸು ನಿಂತಲ್ಲೇ ಓಡಿಸಿದೆ. ಏನೂ ಇಲ್ಲ. ಕಳಿಸಿದೆ.

ಎರಡು ದಿನಕ್ಕೆ ಮತ್ತೆ ಬಂದರು. ಈ ಸಲ ಮೂರನೇ ಸಿಲಿಂಡರಿನ ಕಡ್ಡಿ.

ಒಂದು ಕಡ್ಡಿ ಬಾಗಿದರೆ ಕಡ್ಡಿಯ ತಪ್ಪು. ಎರಡು ಬಾಗಿದರೆ ನನ್ನ ತಪ್ಪು. ಆರೂ ಕಡ್ಡಿಗಳನ್ನು ಗಾಜಿನ ಮೇಲೆ ಉರುಳಿಸಿ ಬಾಗು ನೋಡಿ, ಉದ್ದ ಹೋಲಿಸಿದೆ. ರಾಕರಿಗೆ ಎಣ್ಣೆ ಏರುತ್ತಿದೆಯೇ ನೋಡಿದೆ, ಏರುತ್ತಿತ್ತು. ವಾಲ್ವು ಪೂರ್ತಿ ಒತ್ತಿದಾಗ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗಿ ಅಡ್ಡಿಯಾಗುತ್ತಿವೆಯೇ ನೋಡಿದೆ, ಇಲ್ಲ. ವಾಲ್ವು ಏಳುವ ಸಮಯ ನಡೆಸುವ ಗೇರುಗಳ ಗುರುತು ಸರಿಯಾಗಿ ಕೂಡಿತ್ತು. ಕೊನೆಗೆ ಹೆಡ್ಡುಗಳನ್ನೇ ಇಳಿಸಿ, ಸ್ಪ್ರಿಂಗು ತೆಗೆದು, ವಾಲ್ವುಗಳನ್ನು ಗೈಡಿನಲ್ಲಿ ಕೈಯಿಂದ ಆಡಿಸಿದೆ. ಎಣ್ಣೆ ಸವರಿದ ವಾಲ್ವು ತನ್ನ ಭಾರಕ್ಕೆ ತಾನೇ ಜಾರುತ್ತಿತ್ತು. ಏನಾದರೂ ಕೆಟ್ಟದ್ದು ಸಿಗಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಇಷ್ಟರ ನಡುವೆ ಮಳೆ ಬಂದು ನಿಂತಿತ್ತು. ಒಳ್ಳೆಯ ಮಳೆ. ನಮ್ಮ ಎರೆ ಭೂಮಿಯಲ್ಲಿ ಮಳೆ ನಿಂತ ಮೇಲೆ ಬಿತ್ತನೆಗೆ ಹದ ಇರುವುದು ನಾಲ್ಕೈದು ದಿನ. ಅಷ್ಟರೊಳಗೆ ಹೆಸರುಕಾಳು ಬೀಳಬೇಕು. ತಡವಾದ ಹೆಸರು ಕೈಗೆ ಹತ್ತುವುದಿಲ್ಲ. ಗ್ಯಾರೇಜಿನ ಮುಂದಿನ ರಸ್ತೆಯಲ್ಲಿ ಬಿತ್ತುವ ಕೂರಿಗೆ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಅಕ್ಕನವರು ಬಾಗಿಲಲ್ಲಿ ನಿಂತು ಅವನ್ನೇ ನೋಡುತ್ತಿದ್ದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬೈಯಲಿಲ್ಲ.

“ಬೇರೆ ಮಿಸ್ತ್ರಿ ಕಡೆ ತೋರಸ್ರಿ ಅಕ್ಕಾರ. ನನಗ ತಿಳೀವಲ್ತು,” ಎಂದೆ.

“ಈಗ ಯಾರು ಖಾಲಿ ಅದಾರ?” ಎಂದರು. “ನೀ ಕೂಡಿಸಿ ಕೊಡು. ಎಷ್ಟ ಓಡತೈತೋ ಅಷ್ಟ ಓಡ್ಲಿ.”

ಮರುದಿನ ಬೆಳಿಗ್ಗೆ ಒಯ್ದರು. ಎರಡು ತಾಸಿನ ಮೇಲೆ ನನ್ನ ಮೊಬೈಲಿಗೆ ಎಂಜಿನ್ನಿನ ಸದ್ದನ್ನು ರೆಕಾರ್ಡು ಮಾಡಿ ಕಳಿಸಿದರು. ನಾನು ಅದನ್ನು ದೊಡ್ಡದಾಗಿ ಹಾಕಿ ಕೇಳಿದೆ. ಟಕ್, ಟಕ್, ನಡುವೆ ಸುಮ್ಮನಾಗಿ, ಮತ್ತೆ ಟಕ್. ಕಿವಿಗೆ ಹತ್ತಿರ ಹಿಡಿದೆ. ನನಗೆ ಕೇಳಿಸಿದ್ದು ಸದ್ದು ಮಾತ್ರ.

ಹಿಂದಿನಿಂದ ಕುರ್ಚಿ ಕಿರುಗುಟ್ಟಿತು. ತಿರುಗಿದರೆ ಮಾವನವರು ಎಡಗೈ ಊರಿ ಏಳಲು ನೋಡುತ್ತಿದ್ದರು. ಕಣ್ಣು ನನ್ನ ಕೈಯ ಮೊಬೈಲಿನ ಮೇಲಿತ್ತು. “ನಾಳಿ,” ಎಂದರು. ಹತ್ತಿರ ಒಯ್ದು ಮತ್ತೊಮ್ಮೆ ಕೇಳಿಸಿದೆ. “ನಾಳಿ. ನಾಳಿ, ನಾಳಿ.” ಎರಡು ವರ್ಷದಲ್ಲಿ ಅವರು ಆ ಶಬ್ದವನ್ನು ಅಷ್ಟು ಒತ್ತಿ ಹೇಳಿದ್ದು ನಾನು ಕೇಳಿರಲಿಲ್ಲ. ಎಡಗೈ ಮುಷ್ಟಿ ಮಾಡಿ ಬಿಚ್ಚುತ್ತಿದ್ದರು, ಮತ್ತೆ ಮುಷ್ಟಿ ಮಾಡುತ್ತಿದ್ದರು.

ನನ್ನ ಹೆಂಡತಿ ಅಡಿಗೆ ಬಿಟ್ಟು ಓಡಿ ಬಂದಳು. “ಅಪ್ಪಾಗ ತಿಳದೈತಿ ನೋಡ್ರಿ. ಏನಾಗೈತಂತ ತಿಳದೈತಿ,” ಎಂದಳು.

ಡಾಕ್ಟರರು ಹೇಳಿಕೊಟ್ಟಂತೆ ಅವಳು ಅವರಿಗೆ ದಿನವೂ ಚಿತ್ರಗಳನ್ನು ತೋರಿಸಿ ಮಾತು ಕಲಿಸುತ್ತಿದ್ದಳು. ಅದೇ ದಾರಿ ಹಿಡಿದಳು. ಅಗಲ ತಟ್ಟೆಯಂಥ ಒಂದು ಪರಾತದಲ್ಲಿ ಸೀರೆಯ ತುಂಡು ಹಾಸಿ, ನನ್ನಿಂದ ಹಳೆಯ ಸಾಮಾನು ಇಸಿದುಕೊಂಡು ಜೋಡಿಸಿದಳು: ಒಂದು ಪುಶ್ ರಾಡು, ಒಂದು ರಾಕರು, ಒಂದು ಸ್ಪ್ರಿಂಗು, ಒಂದು ವಾಲ್ವು. ತಂದೆಯ ತೊಡೆಯ ಮೇಲೆ ಪರಾತ ಇಟ್ಟು, “ಯಾವುದು ಅಪ್ಪಾ? ತೋರ್ಸು,” ಎಂದಳು.

ಮಾವನವರ ಕೈ ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಂತಿತು. ರಾಕರನ್ನು ಮುಟ್ಟಿದರು. ಸ್ಪ್ರಿಂಗನ್ನು ಮುಟ್ಟಿದರು. ಆಮೇಲೆ ವಾಲ್ವನ್ನು ಎತ್ತಿ ಅದರ ಕಾಂಡವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದರು.

“ವಾಲ್ವು?” ಎಂದೆ. ತಲೆಯಾಡಿಸಿದರು. “ವಾಲ್ವು ಅಲ್ಲ?” ಎಂದೆ. ಅದಕ್ಕೂ ಆಡಿಸಿದರು.

“ಅದು ಸರಿ ಐತ್ರಿ ಮಾವಾರ. ನಿನ್ನೆ ಆರೂ ತಗದ ನೋಡೇನಿ. ಒಂದೂ ಬಾಗಿಲ್ಲ,” ಎಂದು ಬಿಡಿಸಿ ಹೇಳಿದೆ. ಹೇಳುತ್ತ ವಾಲ್ವನ್ನು ಅವರ ಕೈಯಿಂದ ತೆಗೆದುಕೊಳ್ಳಲು ಹೋದೆ. ಬಿಡಲಿಲ್ಲ. ನನ್ನನ್ನೇ ನೋಡುತ್ತಿದ್ದರು. ನಾನು ದಡ್ಡತನ ಮಾಡಿದಾಗ ಮೊದಲೆಲ್ಲ ನೋಡುತ್ತಿದ್ದ ಅದೇ ನೋಟ. ಆದರೆ ಆಗ ನೋಟದ ಹಿಂದೆ ಒಂದು ಬೈಗುಳ ಬರುತ್ತಿತ್ತು, ಬೈಗುಳದಲ್ಲಿ ಉತ್ತರ ಇರುತ್ತಿತ್ತು. ಈಗ ಮತ್ತೆ “ನಾಳಿ” ಎಂದಷ್ಟೇ ಬಂತು. ಅದು ಅವರಿಗೇ ಕೇಳಿಸಿತೇನೋ. ಪರಾತವನ್ನು ತೊಡೆಯಿಂದ ತಳ್ಳಿಬಿಟ್ಟರು. ಸಾಮಾನೆಲ್ಲ ನೆಲಕ್ಕೆ ಬಿದ್ದು ಉರುಳಿತು. ಅವರು ಅತ್ತರು. ಮುಖದ ಎಡಗಡೆ ಮಾತ್ರ ಅಳುತ್ತಿತ್ತು.

ಟ್ರ್ಯಾಕ್ಟರನ್ನು ಹೊಲದಲ್ಲೇ ಬಿಟ್ಟು ಅಕ್ಕನವರು ಯಾವಾಗ ಬಂದು ಬಾಗಿಲಲ್ಲಿ ನಿಂತಿದ್ದರೋ ನಾವು ನೋಡಿರಲಿಲ್ಲ. ಒಳಗೆ ಬಂದು ಬಗ್ಗಿ ರಾಕರು, ಸ್ಪ್ರಿಂಗು ಆರಿಸಿ ಪರಾತಕ್ಕೆ ಹಾಕಿದರು. “ಕಾಕಾರ, ಹೊಲ ಎಲ್ಲಿಗೂ ಹೋಗೂದಿಲ್ಲ. ಸುಮ್ಮನಾಗ್ರಿ,” ಎಂದರು. ಹದ ಹೋಗುತ್ತಿರುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಆಮೇಲೆ ನನ್ನ ಕಡೆ ತಿರುಗಿ, “ಒಂದು ಮಾತು ಹೇಳತೇನಿ ಮಿಸ್ತ್ರಿ. ನಾನೇನು ಮೆಕ್ಯಾನಿಕ್ ಅಲ್ಲ,” ಎಂದರು. “ಇವತ್ತ ಮುಂಜಾನೆ ಮುಕ್ಕಾಲು ತಾಸು ಭಾಳ ಛಲೋ ಓಡ್ತು. ಕೂರಿಗಿ ಜಗ್ಗಿ ಜಗ್ಗಿ ಕಾದ ಮ್ಯಾಲ ಟಕ್ ಅನ್ನಾಕ ಹತ್ತಿತು. ನಾನು ತಟ್ನ ಬಂದ್ ಮಾಡ್ದೆ. ಬುತ್ತಿ ಉಂಡೆ. ಉಂಡು ಚಾಲೂ ಮಾಡಿದ್ರ ಮತ್ತ ಸರಿ. ಅರ್ಧ ತಾಸಿಗೆ ಮತ್ತ ಅದ. ಆರಿದ್ರ ಸರಿ, ಕಾದ್ರ ಟಕ್.”

“ಕಡ್ಡಿ ಬಾಗಿಲ್ಲೇನ್ರಿ?”

“ಬಾಗೂಕಿಂತ ಮೊದಲ ಬಂದ್ ಮಾಡಿದ್ರ ಯಾಕ ಬಾಗತೈತಿ?”

ಅಷ್ಟು ದಿನವೂ ನಾನು ಆ ಎಂಜಿನ್ನನ್ನು ಬಿಚ್ಚಿದ್ದು ಆರಿದ ಮೇಲೆಯೇ. ಕೈ ಸುಡುತ್ತದೆಂದು ಎಲ್ಲರೂ ಹಾಗೆಯೇ ಮಾಡುತ್ತಾರೆ. ನಿಂತಲ್ಲೇ ಅರ್ಧ ತಾಸು ಓಡಿಸಿದರೆ ಕೂರಿಗೆ ಎಳೆದಷ್ಟು ಅದು ಕಾಯುವುದಿಲ್ಲ. ರೋಗ ಬಂದ ಹೊತ್ತಿನಲ್ಲಿ ನಾನು ಒಮ್ಮೆಯೂ ಅದನ್ನು ನೋಡಿರಲಿಲ್ಲ.

ಸ್ಪ್ಯಾನರು, ಹತಾರಗಳನ್ನು ಕಟ್ಟಿಕೊಂಡು ಅಕ್ಕನವರ ಜೊತೆಗೇ ಉಗರಗೋಳದ ಹೊಲಕ್ಕೆ ಹೋದೆ. ಅವರು ಬಿತ್ತುತ್ತ ಹೋದರು, ನಾನು ಬದುವಿನ ಮೇಲೆ ನಿಂತೆ. ನಾಲ್ಕನೆಯ ಸುತ್ತಿನಲ್ಲಿ ಟಕ್ ಎಂದಿತು. ಅವರು ಬಂದ್ ಮಾಡಿದರು. ನಾನು ಕೈಗೆ ಹಸಿ ಗೋಣಿ ಸುತ್ತಿಕೊಂಡು ಮುಚ್ಚಳ ತೆಗೆದೆ. ಬೆರಳು ಸುಟ್ಟವು. ಎರಡನೇ ಹೆಡ್ಡಿನಲ್ಲಿ ಒಂದು ವಾಲ್ವಿನ ತಲೆ ಉಳಿದವುಗಳಿಗಿಂತ ಅರ್ಧ ಬೆರಳಿನಗಲ ಕೆಳಗಿತ್ತು. ಸ್ಪ್ರಿಂಗು ಮೇಲಕ್ಕೆ ತಳ್ಳುತ್ತಿದ್ದರೂ ಅದು ಬರುತ್ತಿರಲಿಲ್ಲ. ನಾವಿಬ್ಬರೂ ಬಗ್ಗಿ ನೋಡುತ್ತ ನಿಂತೆವು. ಒಂದು ಬೀಡಿ ಸೇದುವಷ್ಟು ಹೊತ್ತಾದ ಮೇಲೆ, ಎಂಜಿನ್ನು ಆರುತ್ತಿದ್ದ ಹಾಗೆ, ಅದು ಟಪ್ಪನೆ ಮೇಲೆದ್ದು ಉಳಿದವುಗಳ ಸಾಲಿಗೆ ಬಂದು ನಿಂತಿತು. ಏನೂ ಆಗಿಲ್ಲವೆಂಬಂತೆ.

ಗೈಡು ಬಿಗಿಯಾಗಿತ್ತು. ಕಾದಾಗ ವಾಲ್ವಿನ ಕಾಂಡ ಹಿಗ್ಗುತ್ತದೆ. ಹಿಗ್ಗಲು ಜಾಗ ಬಿಟ್ಟಿರಲಿಲ್ಲ. ವಾಲ್ವು ಒಳಗೇ ಸಿಕ್ಕಿಕೊಂಡಾಗ ರಾಕರು ಸಡಿಲಾಗಿ, ಕಡ್ಡಿ ತನ್ನ ಗುಳಿಯಿಂದ ಜಾರಿ, ಮುಂದಿನ ಏಟಿಗೆ ಬಾಗುತ್ತಿತ್ತು. ಎಷ್ಟು ಛಲೋ ಕೆಲಸ ಎಂದು ನಾನು ಮೆಚ್ಚಿದ್ದೆನಲ್ಲ, ಅದೇ ರೋಗ.

ತಿಳಿದದ್ದರಿಂದ ತಕ್ಷಣಕ್ಕೆ ಏನೂ ಸುಧಾರಿಸಲಿಲ್ಲ. ಗೈಡಿನ ತೂತನ್ನು ಕೂದಲೆಳೆಯಷ್ಟು ಹಿಗ್ಗಿಸಲು ಬೇಕಾದ ಹತಾರ ನನ್ನಲ್ಲಿರಲಿಲ್ಲ. ಬೈಲಹೊಂಗಲದ ಲೇಥ್ ಅಂಗಡಿಯಲ್ಲಿತ್ತು. ಮೂರೂ ಹೆಡ್ಡು ಇಳಿಸಿ ಅಲ್ಲಿಗೆ ಒಯ್ದೆ. ಬಿತ್ತನೆಯ ದಿನಗಳು, ಅಂಗಡಿಯ ತುಂಬ ಮುರಿದ ಕೂರಿಗೆಗಳು. ಮೊದಲ ದಿನ ಸರದಿ ಬರಲಿಲ್ಲ. ಎರಡನೆಯ ದಿನ ಕರೆಂಟು ಹೋಯಿತು. ಅಂಗಡಿಯ ಕಟ್ಟೆಯ ಮೇಲೆ ಕುಳಿತು ಬಿಸಿಲು ನೋಡಿದೆ. ಹಸಿಯಾಗಿದ್ದ ರಸ್ತೆಯ ಮಣ್ಣು ಬೂದಿಬಣ್ಣಕ್ಕೆ ತಿರುಗುತ್ತಿತ್ತು. ಉಗರಗೋಳದ ಹೊಲವೂ ಹೀಗೇ ಒಣಗುತ್ತಿರುತ್ತದೆ ಎಂದು ತಿಳಿದೂ ನಾನು ಮಾಡುವಂಥದ್ದು ಅಲ್ಲಿ ಏನೂ ಇರಲಿಲ್ಲ.

ಮೂರನೆಯ ದಿನ ಕೆಲಸವಾಯಿತು. ಟ್ರ್ಯಾಕ್ಟರು ಅಂದಿನಿಂದ ಇಂದಿನವರೆಗೆ ಒಮ್ಮೆಯೂ ಟಕ್ ಎಂದಿಲ್ಲ. ಆದರೆ ಬಿತ್ತುವ ಹದ ಉಳಿದಿರಲಿಲ್ಲ. ಬಾಡಿಗೆಗೆ ಒಪ್ಪಿಕೊಂಡಿದ್ದ ಮನೆಗಳವರು ಬೇರೆ ಟ್ರ್ಯಾಕ್ಟರು ಕರೆದಿದ್ದರು. ಅಕ್ಕನವರ ನಾಲ್ಕು ಎಕರೆಯಲ್ಲಿ ಎರಡಕ್ಕೆ ಹೆಸರು ಬಿದ್ದಿತ್ತು, ಇನ್ನೆರಡು ಹಿಂಗಾರಿ ಜೋಳಕ್ಕೆಂದು ಖಾಲಿ ಉಳಿಯಿತು. ಒಂದು ತಿಂಗಳ ಮೇಲೆ ಆ ಕಡೆ ಹೋದಾಗ ನೋಡಿದೆ: ಅರ್ಧ ಹೊಲ ಹಸಿರು, ಗೆರೆ ಕೊಯ್ದಂತೆ ಅಲ್ಲಿಂದಾಚೆ ಕಪ್ಪು ನೆಲ. ಅಕ್ಕನವರು ಚಹಾ ಮಾಡಿ ಕೊಟ್ಟರು. ನಾನು ತಪ್ಪಾಯಿತು ಎನ್ನಲು ಹೋದರೆ, “ನೀ ಬೇಕಂತ ಮಾಡಿದ್ಯೇನು? ಚಹಾ ಕುಡಿ,” ಎಂದರು.

ಗೈಡು ಸರಿಯಾದ ದಿನ ನಾನು ಮಾವನವರ ಮುಂದೆ ನೆಲದ ಮೇಲೆ ಕುಳಿತು, ಮೊದಲು ಬಿಗಿಯಾಗಿದ್ದ ಗೈಡನ್ನೂ ವಾಲ್ವನ್ನೂ ತೋರಿಸಿ, ಎಲ್ಲವನ್ನೂ ನಿಧಾನವಾಗಿ ವಿವರಿಸಿದೆ. ಅವರು ನನ್ನ ಬಾಯಿ ನೋಡುತ್ತಿದ್ದರು. ಮುಗಿದ ಮೇಲೆ, “ಇದನ್ನ ಹೇಳ್ತಿದ್ರೇನ್ರಿ ಮಾವಾರ?” ಎಂದು ಕೇಳಿದೆ. ತಲೆಯಾಡಿಸಿದರು.

“ಮುಷ್ಟಿ ಹಿಡದು ತೋರ್ಸಿದ್ರಲ್ಲ. ವಾಲ್ವು ಹಿಡಕೋತೈತಿ ಅಂತ ಹೇಳಿದ್ರು. ಮತ್ತೇನು ಹೇಳಬೇಕಿತ್ತು ಅವರು?” ಎಂದಳು ನನ್ನ ಹೆಂಡತಿ. ಅವಳು ಇಂದಿಗೂ ಹಾಗೇ ನಂಬಿದ್ದಾಳೆ. ಇರಬಹುದು. ಆದರೆ ಅವರು ಚಮಚವನ್ನೂ ಹಾಗೆಯೇ ಬಿಗಿಯಾಗಿ ಹಿಡಿಯುತ್ತಾರೆ, ಮೊಮ್ಮಗಳ ಬೆರಳನ್ನೂ ಹಾಗೆಯೇ ಹಿಡಿಯುತ್ತಾರೆ. “ಮತ್ತೇನಾದ್ರೂ ಇತ್ತೇನ್ರಿ?” ಎಂದು ಕೇಳಿದೆ. ಅದಕ್ಕೂ ಹೌದೆಂದು ತಲೆಯಾಡಿಸಿದರು. ಅವರಿಗೆ ಗೊತ್ತಿತ್ತು, ನಾನು ಓದಲಾರದೆ ಹೋದೆ ಎಂದುಕೊಂಡರೆ ಒಂದು ಬಗೆಯ ಸಂಕಟ. ಅವರಿಗೂ ಗೊತ್ತಿರಲಿಲ್ಲ, ಆ ಕಿವಿಯೂ ಹೋಗಿದೆ ಎಂದುಕೊಂಡರೆ ಇನ್ನೂ ದೊಡ್ಡ ಸಂಕಟ. ಯಾವುದು ನಿಜ ಎಂದು ಕೇಳಲು ನನಗೆ ಯಾರೂ ಇಲ್ಲ.

ಈಗಲೂ ಎಂಜಿನ್ನು ಚಾಲೂ ಮಾಡಿದ ಕೂಡಲೇ ನನ್ನ ಕಣ್ಣು ಕುರ್ಚಿಯ ಕಡೆ ಹೋಗುತ್ತದೆ. ಹೋದ ವಾರ ಸುರೇಬಾನದಿಂದ ಒಂದು ಟ್ರ್ಯಾಕ್ಟರು ಬಂದಿತ್ತು, ಬರೀ ಆಯಿಲ್ ಬದಲಿಸಲು. ಚಾಲೂ ಮಾಡಿದಾಗ ಮಾವನವರ ಹುಬ್ಬು ಗಂಟಾಯಿತು. ನಾನು ಬಂದ್ ಮಾಡಿ ಅರ್ಧ ದಿನ ಕೂತು ಮೇಲಿನ ಸಾಮಾನೆಲ್ಲ ಬಿಚ್ಚಿದೆ. ರಾಕರು, ಕಡ್ಡಿ, ಸ್ಪ್ರಿಂಗು, ಒಂದೊಂದಾಗಿ ನೋಡಿದೆ. ಏನೂ ಸಿಗಲಿಲ್ಲ. ಮಾಲೀಕರು, “ಛಲೋ ಇದ್ದ ಗಾಡಿ ಯಾಕ ಬಿಚ್ಚಾಕ ಹತ್ತೀರಿ?” ಎಂದರು. ಅಷ್ಟರಲ್ಲಿ ನನ್ನ ಹೆಂಡತಿ ಮಜ್ಜಿಗೆ ತಂದವಳು ತಂದೆಯ ಮುಖ ನೋಡಿ, “ಬಿಸಲು ಕಣ್ಣಾಗ ಹೊಡ್ಯಾಕ ಹತ್ತೇತಿ ಅವರಿಗೆ,” ಎಂದು ಕುರ್ಚಿಯನ್ನು ನೆರಳಿಗೆ ಎಳೆದಳು. ಹುಬ್ಬು ಸಡಿಲವಾಯಿತು. ನಾನು ಬಿಚ್ಚಿದ್ದನ್ನೆಲ್ಲ ಮತ್ತೆ ಕೂರಿಸಲು ಕುಳಿತೆ.